ಬಿಚ್ಚದ ಹೊಲಿಗೆ

“ಗುರುಗಳೇ, ಮನುಷ್ಯ ನಮ್ಮನ್ನು ಬಿಟ್ಟುಹೋಗದಂತೆ ಅವನಿಂದ ಎಂಥ ಆಣೆ ಮಾಡಿಸಬೇಕು?”

ಕೇಳಿದವನು ಹಿರಿಯ ಶಿಷ್ಯ. ಮೀಸೆ ಮೂಡುವ ಮುಂಚೆ ಗುರುವಿನ ಬಳಿಗೆ ಬಂದವನು, ಈಗ ಅವನ ಗಡ್ಡವೇ ನರೆತಿತ್ತು. ಅವನ ಕೈಕೆಳಗೂ ಕೆಲವರು ಕಲಿಯುತ್ತಿದ್ದರು. ಅವರಲ್ಲಿ ಒಬ್ಬ ಬಹಳ ಜಾಣ, ಒಮ್ಮೆ ಕೇಳಿದ್ದನ್ನು ಮರೆಯದವನು. ಶಿಷ್ಯನಿಗೆ ಅವನ ಮೇಲೆ ಪ್ರಾಣ. ಆ ಜಾಣ ಇತ್ತೀಚೆಗೆ ಪಾಠದ ನಡುವೆ ಊರಿನ ದಾರಿಯನ್ನು ನೋಡುತ್ತ ಕೂರುತ್ತಿದ್ದ. ಅದನ್ನು ಕಂಡಾಗಿನಿಂದ ಶಿಷ್ಯನಿಗೆ ಅನ್ನ ಸೇರುತ್ತಿರಲಿಲ್ಲ.

“ಬರುವ ಹುಣ್ಣಿಮೆಗೆ ಅವನನ್ನು ಕೂರಿಸಿ ಆಣೆ ಮಾಡಿಸುತ್ತೇನೆ,” ಎಂದ. “ಬದುಕಿರುವ ತನಕ ಈ ಹೊಸಿಲು ದಾಟುವುದಿಲ್ಲ ಎಂದು. ಅದಕ್ಕಿಂತ ಗಟ್ಟಿಯಾದದ್ದು ಯಾವುದಾದರೂ ಇದ್ದರೆ ಹೇಳಿಕೊಡಿ.”

ಗುರು ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದರೆ ಒಂದೋ ನಿದ್ದೆ, ಇಲ್ಲವೇ ಕತೆ. ಶಿಷ್ಯ ಕಾದ. ಕತೆಯೇ ಬಂತು.

ಒಂದು ಹೊಳೆ ಇತ್ತು. ಹೊಳೆಯ ಈಚೆ ದಡದಲ್ಲಿ ಒಂದು ಊರು. ಊರಿನ ಹೆಸರು ಬೇಡ. ಹೆಸರು ಹೇಳಿದರೆ ನೀನು ಹುಡುಕಿಕೊಂಡು ಹೋಗುತ್ತೀ, ಸಿಗಲಿಲ್ಲವೆಂದು ಬಂದು ನನ್ನ ಮೇಲೆ ಮುನಿಯುತ್ತೀ. ಆ ಊರಿನಲ್ಲಿ ಒಬ್ಬಳು ಕೌದಿಯ ಅಂಗಡಿ ಇಟ್ಟಿದ್ದಳು. ಹೆತ್ತವರು ಇಟ್ಟ ಹೆಸರು ಅವಳಿಗೂ ಇತ್ತು. ಅದನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು, ಅವಳೂ ಮರೆತಿದ್ದಳೋ ಏನೋ. ಎಲ್ಲರ ಬಾಯಲ್ಲೂ ಅವಳು ಕೌದೆವ್ವ.

ಕೌದಿ ಎಂದರೆ ಗೊತ್ತಲ್ಲ? ಉಟ್ಟು ಸವೆದ ಸೀರೆ, ಧೋತರ, ಕುಪ್ಪಸಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಹೊಲಿದು ಮಾಡುವ ಹೊದಿಕೆ. ಬಡವನಿಗೂ ಅದೇ, ಗೌಡನಿಗೂ ಅದೇ. ಅದರೊಳಗೆ ಹೊಕ್ಕರೆ ಯಾರ ನಿದ್ದೆಯೂ ಒಂದೇ.

ಅಂಗಡಿ ಎಂದರೆ ಒಂದು ಪಡಸಾಲೆ ಅಷ್ಟೆ. ಗೋಡೆಯುದ್ದಕ್ಕೂ ಹಳೆಯ ಬಟ್ಟೆಯ ಗಂಟುಗಳು. ಮಧ್ಯಾಹ್ನದ ಹೊತ್ತು ಅಲ್ಲಿ ಕಾಲಿಟ್ಟವರಿಗೆ ಕಣ್ಣು ಎಳೆಯುತ್ತಿತ್ತು. ಒಂದು ಗಂಟಿನಿಂದ ಬಾಣಂತಿಯ ಲೋಬಾನದ ವಾಸನೆ, ಇನ್ನೊಂದರಿಂದ ಯಾರದೋ ಅಜ್ಜಿಯ ಎಲೆಯಡಿಕೆಯ ವಾಸನೆ. ಬಂದವರು ಬಂದ ಕೆಲಸ ಮರೆತು ಯಾವುದಾದರೂ ಗಂಟಿಗೆ ಒರಗಿ ಜೊಂಪು ಹೋಗುತ್ತಿದ್ದರು. ಕೌದೆವ್ವ ಅವರನ್ನು ಎಬ್ಬಿಸುತ್ತಿರಲಿಲ್ಲ. ಯಾವ ಗಂಟಿಗೆ ಒರಗಿ ನಿದ್ದೆ ಹೋದರೋ ಅದರಲ್ಲಿನ ಬಟ್ಟೆಯನ್ನೇ ಅವರ ಕೌದಿಗೆ ಹಾಕುತ್ತಿದ್ದಳು. ಬಾಯಿ ಕೇಳುವ ಬಣ್ಣ ಒಂದು, ಮೈ ಕೇಳುವ ಬಟ್ಟೆ ಇನ್ನೊಂದು ಎನ್ನುವುದು ಅವಳ ಮಾತು.

ಸಾಮಾನು ಆಯುವುದರಲ್ಲಿ ಅವಳು ಬಲು ಬಿಗಿ. ಹೊಸ ಬಟ್ಟೆ ತಂದವರನ್ನು ಹೊಸಿಲಲ್ಲೇ ನಿಲ್ಲಿಸುವಳು. ಹೊಸದು ಮೊದಲ ನೀರಿಗೆ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ ಹಳೆಯದನ್ನು ಎಳೆದು ಕೆಡಿಸುತ್ತದೆ. “ನಾಕ ಮಳಿಗಾಲ ಉಟಗೊಂಡು ಆಮ್ಯಾಲೆ ತಗೊಂಡು ಬಾ,” ಎಂದು ಕಳಿಸುವಳು. ಸೂಜಿಯನ್ನು ತಲೆಗೂದಲಲ್ಲಿ ಆಡಿಸಿ ನೋಡುವಳು. ಕೂದಲಿಗೆ ತೊಡರುವ ಸೂಜಿ ಬಟ್ಟೆಗೂ ತೊಡರುತ್ತದೆ.

ದಾರದ ವಿಷಯಕ್ಕೆ ಬಂದರಂತೂ ಅವಳದು ಊರಿಗೇ ಇಲ್ಲದ ಪರೀಕ್ಷೆ. ಹಳೆಯ ಬಟ್ಟೆಯ ಚೂರಿನಲ್ಲಿ ದಾರ ತೂರಿಸಿ ಎರಡು ಕೈಯಿಂದಲೂ ಜಗ್ಗುವಳು. ದಾರ ಮೊದಲು ಹರಿದರೆ ಅದು ಬೇಕು. ಬಟ್ಟೆ ಮೊದಲು ಹರಿದರೆ ಆ ದಾರ ಬೇಡ. ದಾರದ ವ್ಯಾಪಾರಿಗಳು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಲೋಕವೆಲ್ಲ ಹರಿಯದ ದಾರ ಕೇಳಿದರೆ ಇವಳೊಬ್ಬಳು ಹರಿಯುವ ದಾರ ಕೇಳುತ್ತಾಳಲ್ಲ! ಅದು ಅವಳು ಅತ್ತೆಯಿಂದ ಕಲಿತ ವಿದ್ಯೆ. ಹರಿದ ದಾರವನ್ನು ಮತ್ತೆ ಹಾಕಬಹುದು, ಹರಿದ ಬಟ್ಟೆಯನ್ನು ಎಲ್ಲಿಂದ ತರುತ್ತೀ ಎಂದು ಅತ್ತೆ ಕೇಳುತ್ತಿದ್ದಳಂತೆ.

ಇನ್ನು ಆ ಹೊಳೆಯ ಎರಡೂ ದಡದಲ್ಲಿ ಒಂದು ರೂಢಿ ಇತ್ತು. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಕೌದಿ ಕೊಡಬೇಕು. ಅದರ ಹೊಲಿಗೆ ಬಿಚ್ಚಿದರೆ ತಾಯಿಯೇ ಅದನ್ನು ಮತ್ತೆ ಹೊಲಿಯಬೇಕು, ಬೇರೆಯವರ ಸೂಜಿ ತಾಕಬಾರದು. ಬಿಚ್ಚಿದ ಕೌದಿ ಮನೆಯಲ್ಲಿ ಇರಲೂಬಾರದು. ಸೊಸೆ ಸುಮ್ಮನೆ ತವರಿಗೆ ಹೋಗುತ್ತೇನೆ ಎಂದರೆ ಯಾವ ಅತ್ತೆ ಬಿಟ್ಟಾಳು? ರಾಗಿ ಬೀಸುವುದಿದೆ, ಎಮ್ಮೆ ಈಯುವುದಿದೆ, ನೆಂಟರು ಬರುವುದಿದೆ. ಕೌದಿ ಬಿಚ್ಚಿದೆ ಎಂದಳೋ, ಅತ್ತೆಯೇ ಎದ್ದು ಬುತ್ತಿ ಕಟ್ಟುವಳು. ಹಾಗಾಗಿ ಪಂಚಮಿ ಬಂತೆಂದರೆ ಆಚೆ ದಡದ ಸೊಸೆಯರೆಲ್ಲ ಕೌದಿ ಹೊತ್ತು ಹರಿಗೋಲು ಹತ್ತುವರು. ಕೌದೆವ್ವನ ಅಂಗಡಿಯ ತುಂಬ ತಾಯಂದಿರು, ಹೆಣ್ಣುಮಕ್ಕಳು. ಹೊಲಿಗೆ ಗೇಣುದ್ದ, ಮಾತು ಗಾವುದ ಉದ್ದ.

ಆ ದಿನಗಳಲ್ಲಿ ಕೌದೆವ್ವ ಮಾತ್ರ ಹೆಚ್ಚು ತಲೆ ಎತ್ತುತ್ತಿರಲಿಲ್ಲ. ಅವಳ ಮದುವೆಯಾದ ವರ್ಷವೇ ಅವಳ ತಾಯಿ ತೀರಿಕೊಂಡಿದ್ದಳು. ತಾಯಿ ಕೊಟ್ಟ ಕೌದಿ ಬಿಚ್ಚಿತು. ಹೊಲಿಯುವ ಕೈ ಇರಲಿಲ್ಲ. ಬಿಚ್ಚಿದ್ದು ಮನೆಯಲ್ಲಿರಬಾರದೆಂದು ಹಿರಿಯರು ಅದನ್ನು ಪೂರ್ತಿ ಕಳಚಿ ಹಾಕಿದರು. ಒಳಗಿದ್ದ ತಾಯಿಯ ಹಸಿರು ಸೀರೆಯೊಂದನ್ನು ಅವಳು ಬೇಡಿ ಉಳಿಸಿಕೊಂಡಳು. ಊರಿಗೆಲ್ಲ ಹೊಲಿದವಳು ಆ ಸೀರೆಗೆ ಮಾತ್ರ ಸೂಜಿ ತಾಗಿಸಿರಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಸಾವಂತ್ರಿ. ಗಂಡ ತೀರಿಹೋಗಿದ್ದ. ಮಗಳು ಬೆಳೆದದ್ದೇ ಬಟ್ಟೆಯ ಗಂಟುಗಳ ನಡುವೆ. ಸಾವಂತ್ರಿಗೆ ಆಚೆ ದಡದ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಅತ್ತೆ ಮಾವ ರೂಢಿಗೆ ಕಟ್ಟುಬಿದ್ದವರೇ ಹೊರತು ಕೆಟ್ಟವರಲ್ಲ. ಕೌದೆವ್ವ ಸಂತೋಷಪಟ್ಟಳು. ಸಂತೋಷಪಡುತ್ತಲೇ ಪೆಟ್ಟಿಗೆ ತೆಗೆದು, ಮಗಳ ಕೌದಿಗೆಂದು ತಾಯಿಯ ಹಸಿರು ಸೀರೆಯನ್ನು ಹೊರಗೆ ಹಾಸಿದಳು. ಅದು ಸವೆದು ಸವೆದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. ಎದುರಿಗೆ ಕೂತು ಉಸಿರು ಬಿಟ್ಟರೆ ಅಲುಗುತ್ತಿತ್ತು.

ಅದನ್ನು ನೋಡುತ್ತ ಕೂತವಳ ಎದೆಯೊಳಗೆ ಒಂದು ಭಯ ಹೊಕ್ಕಿತು. ನಾಳೆ ನಾನು ಸತ್ತರೆ? ನನಗೆ ಆದದ್ದೇ ಇವಳಿಗೂ ಆದರೆ? ಕೌದಿ ಬಿಚ್ಚಿ, ಹೊಲಿಯುವ ಕೈ ಇಲ್ಲದೆ, ಇವಳೂ ಹಬ್ಬದ ದಿನ ಆಚೆ ದಡದಲ್ಲಿ ನಿಂತು ಈಚೆ ನೋಡುವಂತಾದರೆ?

ಅದೇ ಹೊತ್ತಿಗೆ ದಾರದ ವ್ಯಾಪಾರಿ ಬಂದ. ಎಲ್ಲ ಗಂಟು ಬಿಚ್ಚಿ ತೋರಿಸಿ, ಕಡೆಗೆ ಒಂದು ಕಪ್ಪು ಉಂಡೆಯನ್ನು ತಾನೇ ಪಕ್ಕಕ್ಕೆ ಸರಿಸಿದ.

“ಇದು ಮೀನಿನ ಬಲಿ ನೇಯೂ ದಾರ ಯವ್ವಾ. ಮೊಸಳಿ ಜಗ್ಗಿದರೂ ಹರಿಯಂಗಿಲ್ಲ. ನಿನಗ್ಯಾಕ ಬಿಡು, ನಿನಗ ಹರಿಯೂ ದಾರ ಬೇಕಲ್ಲ,” ಎಂದು ಚೇಷ್ಟೆ ಮಾಡಿದ.

“ಅದನ್ನ ಇಲ್ಲಿ ಕೊಡು,” ಎಂದಳು ಕೌದೆವ್ವ.

ವ್ಯಾಪಾರಿಯ ನಗೆ ನಿಂತಿತು. ಅವಳು ದಾರ ತೆಗೆದುಕೊಂಡಳು. ಜಗ್ಗಿ ನೋಡಲಿಲ್ಲ. ಜಗ್ಗಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಜಗ್ಗಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನೀನು ನಗಬೇಡ. ಊರಿನ ಮಕ್ಕಳಿಗೆ ಹೊಲಿಯುವಾಗ ಹೊಲಿಯುವುದು ಕೈ. ತನ್ನ ಮಗುವಿಗೆ ಹೊಲಿಯುವಾಗ ಎಷ್ಟೋ ಸಲ ಭಯವೇ ಸೂಜಿ ಹಿಡಿಯುತ್ತದೆ.

ಹೊಲಿಗೆ ಅಂಚು ಬಿಟ್ಟು ನಡುವಿನ ಕಡೆಗೆ ಸಾಗಿತು. ದಾರ ಬೆರಳನ್ನು ಕೊಯ್ಯುತ್ತಿತ್ತು, ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿದಳು. ಒಂದು ಮಧ್ಯಾಹ್ನ ಸೂಜಿ ಹಿಡಿದಂತೆಯೇ ಜೊಂಪು ಹತ್ತಿತು. ಕನಸಿನಲ್ಲಿ ಅವಳು ಹೊಳೆಯನ್ನು ಹೊಲಿಯುತ್ತಿದ್ದಳು. ಈಚೆ ದಡಕ್ಕೆ ಚುಚ್ಚಿದ ಸೂಜಿಯನ್ನು ಆಚೆ ದಡದಲ್ಲಿ ತೆಗೆಯುವಳು, ಆಚೆ ಚುಚ್ಚಿ ಈಚೆ ತೆಗೆಯುವಳು. ದಾರ ಜಗ್ಗಿದಂತೆಲ್ಲ ದಡಗಳು ಹತ್ತಿರ ಸರಿದವು. ಆಹಾ, ಇನ್ನೊಂದು ಸಾಲು ಹಾಕಿದರೆ ಮಗಳು ನಡೆದೇ ಬರಬಹುದು ಎಂದು ಅವಳಿಗೆ ಹಿಗ್ಗು. ಆದರೆ ನೀರು ನಿಂತುಬಿಟ್ಟಿತ್ತು. ಮೀನುಗಳು ನಿಂತಲ್ಲೇ ನಿಂತಿದ್ದವು. ನಡುವೆ ಒಂದು ಹರಿಗೋಲು, ಅದರಲ್ಲಿ ಸಾವಂತ್ರಿ. ಹುಟ್ಟು ಹಾಕಿದರೂ ಹರಿಗೋಲು ಆಚೆಗೂ ಹೋಗದು, ಈಚೆಗೂ ಬಾರದು. ಮಗಳು ಏನೋ ಹೇಳುತ್ತಿದ್ದಳು. ನಿಂತ ನೀರಿನ ಮೇಲೆ ಅವಳ ಮಾತೂ ನಿಂತಿತ್ತು, ದಡಕ್ಕೆ ಬರುತ್ತಿರಲಿಲ್ಲ.

ಕೌದೆವ್ವ ಬೆಚ್ಚಿ ಎದ್ದಳು. ಉಂಡದ್ದು ಹೆಚ್ಚಾಯಿತು ಎಂದುಕೊಂಡು ಮುಖ ತೊಳೆದು ಮತ್ತೆ ಹೊಲಿಯಲು ಕೂತಳು.

ಮಗಳನ್ನು ಕಳಿಸುವ ದಿನ ಕೌದಿಯನ್ನು ಅವಳ ತೋಳಿಗೆ ಹಾಕಿ, ಬಂದ ಬೀಗರಿಗೂ ಕೇಳುವಂತೆ ಹೇಳಿದಳು. “ಇದು ಬಿಚ್ಚಂಗಿಲ್ಲವ್ವಾ. ನಾ ಇದ್ರೂ ಬಿಚ್ಚಂಗಿಲ್ಲ, ಸತ್ರೂ ಬಿಚ್ಚಂಗಿಲ್ಲ.” ಬೀಗರು ಮೆಚ್ಚಿ ತಲೆದೂಗಿದರು. ಸಾವಂತ್ರಿ ಏನೋ ಕೇಳುವವಳಂತೆ ತಾಯಿಯ ಮುಖ ನೋಡಿದಳು. ಸುತ್ತ ಜನ ಇದ್ದರು, ಕೇಳಲಿಲ್ಲ. ಹರಿಗೋಲು ತಿರುಗುತ್ತ ತಿರುಗುತ್ತ ಹೋಯಿತು.

ಪಂಚಮಿ ಬಂತು. ಕೌದೆವ್ವ ಎಳ್ಳುಂಡೆ ಕಟ್ಟಿದಳು, ಬೇವಿನ ಮರಕ್ಕೆ ಜೋಕಾಲಿ ಹಾಕಿದಳು. ಹರಿಗೋಲು ತುಂಬಿಕೊಂಡು ಬಂತು. ಎಲ್ಲರ ಮಕ್ಕಳೂ ಇಳಿದರು, ಅವಳ ಮಗಳು ಇಳಿಯಲಿಲ್ಲ. ಸಾವಂತ್ರಿಯ ಕೌದಿ ಒಂದು ಹೊಲಿಗೆಯನ್ನೂ ಬಿಟ್ಟಿಲ್ಲವಂತೆ, ಆಚೆ ದಡದಲ್ಲೆಲ್ಲ ನಿನ್ನ ಕೈಯನ್ನೇ ಹೊಗಳುತ್ತಾರೆ ಎಂದು ಹರಿಗೋಲಿನವನು ಸುದ್ದಿ ಹೇಳಿದ. ಕೌದೆವ್ವ ನಕ್ಕಳು. ಉಂಡೆಯನ್ನು ಕಂಡವರ ಮಕ್ಕಳಿಗೆ ಹಂಚಿದಳು. ಸಂಜೆಯವರೆಗೂ ಜೋಕಾಲಿಯಲ್ಲಿ ಗಾಳಿ ಕೂತು ಆಡಿತು.

ಮರುವರ್ಷವೂ ಅದೇ ಸುದ್ದಿ, ಅದೇ ಹೊಗಳಿಕೆ. ಕರೆ ಬಾರದೆ ಬೀಗರ ಮನೆಗೆ ತಾಯಿ ಹೋಗುವಂತಿರಲಿಲ್ಲ. ಮಗಳು ಸುಖವಾಗಿದ್ದಾಳೆ, ಸುಖದಲ್ಲಿ ತಾಯಿ ನೆನಪಾಗುವುದಿಲ್ಲ, ಅದು ಒಳ್ಳೆಯದೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಬೇರೆ ಹೆಣ್ಣುಮಕ್ಕಳ ಬಿಚ್ಚಿದ ಕೌದಿಯನ್ನು ಅವರ ತಾಯಂದಿರ ಮುಂದೆ ಹಾಸಿಕೊಡುವಾಗ ಅವಳಿಗೆ ಹೊಟ್ಟೆಕಿಚ್ಚು ಬಂತು. ಇಂಥ ಹೊಟ್ಟೆಕಿಚ್ಚನ್ನು ನೀನು ಕೇಳಿದ್ದೀಯಾ? ತನ್ನದು ಗಟ್ಟಿಯಾಗಿದೆ, ಅವರದು ಹರಿದಿದೆ, ಆದರೂ ಅವರನ್ನು ಕಂಡರೆ ಇವಳ ಹೊಟ್ಟೆ ಉರಿಯುತ್ತದೆ. ಎಲ್ಲರಿಗೂ ನಿದ್ದೆ ಬರಿಸುವ ಆ ಪಡಸಾಲೆಯಲ್ಲಿ ಅವಳಿಗೆ ನಿದ್ದೆ ಬರುವುದು ನಿಂತುಹೋಯಿತು.

ಆಮೇಲೆ ಒಂದು ಬೇಸಿಗೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಹೊಳೆ ಬತ್ತಿ ಕಾಲ್ದಾರಿ ಬಿದ್ದಿತ್ತು. ಬಿಸಿಲಿನ ಜಳದಲ್ಲಿ ಯಾರೋ ನಡೆದು ಬರುವುದು ಕಂಡಿತು. ಮೊದಲು ನೀರಿನಂತೆ ನಡುಗಿತು, ಆಮೇಲೆ ನೆರಳಾಯಿತು, ಆಮೇಲೆ ಸಾವಂತ್ರಿಯಾಯಿತು. ಬಡವಾಗಿದ್ದಳು. ಕಂಕುಳಲ್ಲಿ ಒಂದು ಸಣ್ಣ ಗಂಟು. ಕೌದಿಯನ್ನು ಅಷ್ಟು ಸಣ್ಣಗೆ ಕಟ್ಟಲು ಬರುವುದಿಲ್ಲ ಎಂದು ಕೌದೆವ್ವನಿಗೆ ಗೊತ್ತು.

ಮಗಳು ಗಂಟು ಬಿಚ್ಚಿ ಎತ್ತಿ ಹಿಡಿದಳು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಅಂಚಿನಿಂದ ನಡುವಿನವರೆಗೆ ಸಾಲಿಗೆ ಸಾಲು ಹಾಗೆಯೇ ಇತ್ತು. ಬಟ್ಟೆ ಇರಲಿಲ್ಲ. ದಾರ ಹಾದಲ್ಲೆಲ್ಲ ಹಸಿರು ಸೀರೆಯನ್ನು ಕೊಯ್ದುಹಾಕಿತ್ತು. ಅಲ್ಲಲ್ಲಿ ಅಂಗೈಯಗಲದ ಚೂರುಗಳು ದಾರಕ್ಕೆ ಜೋತು ಬಿದ್ದಿದ್ದವು. ಅವಳು ಹಿಡಿದದ್ದು ಕೌದಿಯಲ್ಲ, ಬಲೆ. ಬಲೆಯ ಆಚೆ ಮಗಳ ಮುಖ ಕಂಡಿತು.

ಇದು ಇನ್ನು ಕೌದಿಯೇ ಅಲ್ಲ, ಇದನ್ನು ನಿಮ್ಮ ತಾಯಿಗೆ ಕೊಟ್ಟು ಬಾ ಎಂದು ಅತ್ತೆ ಕಳಿಸಿದ್ದಳು.

ಕೌದೆವ್ವ ಅದನ್ನು ಮಡಿಲಿಗೆ ಎಳೆದುಕೊಂಡು ತಡವಿದಳು. ಒಂದು ಮೂಲೆಯಲ್ಲಿ ದಾರ ನಯವಾಗಿರಲಿಲ್ಲ. ಜುಂಗು ಎದ್ದು, ಸೀಳಿ, ಕಂದು ಬಣ್ಣಕ್ಕೆ ತಿರುಗಿತ್ತು.

“ಇಲ್ಲೇನಾತವ್ವಾ? ಇಲಿ ಕಡದೈತೇನು?” ಎಂದು ಕೇಳಿದಳು.

“ನಾನ ಕಡದೀನಿ ಯವ್ವಾ,” ಎಂದಳು ಸಾವಂತ್ರಿ. “ಕತ್ತರಿ ಹಾಕಿದ್ರ ಗುರ್ತು ಹಿಡೀತಾರ. ಒಂದ ಹೊಲಿಗಿ ಬಿಚ್ಚಿದ್ರ ಸಾಕಿತ್ತು, ನಿನ್ನ ಕಡೆ ಬರ್ತಿದ್ದೆ. ದಿನಾ ಹಲ್ಲಿಲೆ ಕಡದೆ. ಹರೀಲಿಲ್ಲ.”

ಅಷ್ಟು ಹೇಳಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಹೇಳಿದ ಮಾತು ಮುಗಿಯುವುದರೊಳಗೆ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆಯೋ. ಕೌದೆವ್ವ ಅಲುಗದೆ ಕೂತು ಅತ್ತಳು. ತಾಯಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಕಳೆದುಕೊಂಡದ್ದು ದೇವರು ಒಯ್ದದ್ದು. ಇದು ತನ್ನ ಕೈಯಾರೆ, ಬೆರಳು ಕೊಯ್ದುಕೊಂಡು, ಒಂದೊಂದೇ ಸಾಲು ಹಾಕಿ ಕಳೆದುಕೊಂಡದ್ದು.

ಅತ್ತು ಮುಗಿದ ಮೇಲೆ ಕತ್ತರಿ ತೆಗೆದುಕೊಂಡಳು. ಕಪ್ಪು ದಾರವನ್ನು ಒಂದು ಎಳೆಯೂ ಉಳಿಯದಂತೆ ಕತ್ತರಿಸಿ ಕಿತ್ತಳು. ಹಸಿರು ಚೂರುಗಳನ್ನು ಆಯ್ದು ಬಿಸಿ ಅಂಗೈಯಲ್ಲಿ ಸವರಿ ನೇರ ಮಾಡಿದಳು. ತನ್ನ ಹಳೆಯ ಸೀರೆಯೊಂದನ್ನು ಹಾಸಿ, ಅದರ ನಡುವೆ ಅವನ್ನು ಇಟ್ಟಳು. ಕೈಗೆ ಸಿಕ್ಕ ನೂಲಿನ ದಾರವನ್ನು ಬಟ್ಟೆಗೆ ತೂರಿಸಿ ಜಗ್ಗಿದಳು. ಪಟ್ಟೆಂದು ಹರಿಯಿತು. ಆ ಸದ್ದಿಗೆ ಅವಳ ಎದೆ ಹಗುರಾಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು, ಮಗಳು ನಿದ್ದೆಯಲ್ಲಿ ಸಣ್ಣಗೆ ನಗುತ್ತಿದ್ದಳು. ಕೌದೆವ್ವ ಮೊದಲ ಸಾಲು ಹಾಕಿದಳು.

ಆ ಕೌದಿ ಮುಂದಿನ ಪಂಚಮಿಗೆ ಬಿಚ್ಚಿತೋ ಇಲ್ಲವೋ ನಾನು ಕೇಳಲಿಲ್ಲ. ಕತೆ ಇಷ್ಟೇ.

ಶಿಷ್ಯನ ಮುಖ ತಿಳಿಯಾಯಿತು.

“ಅರ್ಥವಾಯಿತು, ಗುರುಗಳೇ,” ಎಂದ. “ಬದುಕಿರುವ ತನಕ ಎಂಬ ಆಣೆ ಬೇಡ. ಅದು ಅವನನ್ನು ಕೊಯ್ಯುತ್ತದೆ. ಹುಣ್ಣಿಮೆಗೆ ಸ್ವಲ್ಪ ಸಡಿಲವಾದ ಆಣೆಯನ್ನೇ ಮಾಡಿಸುತ್ತೇನೆ. ಅದರ ಮಾತುಗಳು ಹೇಗಿರಬೇಕೆಂದು ನೀವೇ ಹೇಳಿಬಿಡಿ.”

ಗುರು ಕಣ್ಣು ತೆರೆದು ಅವನ ನರೆತ ಗಡ್ಡವನ್ನು ನೋಡಿದರು.

“ಇಷ್ಟು ವರ್ಷ ನನ್ನ ಹತ್ತಿರ ಉಳಿಯುವುದಕ್ಕೆ ನಾನು ನಿನ್ನಿಂದ ಯಾವ ಆಣೆ ಮಾಡಿಸಿದ್ದೆ?”